ತರಗತಿಯ ಮೂರು ನಿಮಿಷದ ಭಾಷಣ: ಮೊದಲ ಕೇಳುಗರು ಊರಿನಲ್ಲಿರಲಿ

ಐದನೆಯ ತರಗತಿಯ ಮಗನಿಗೆ ಮೂರು ನಿಮಿಷ ಮಾತನಾಡುವ ಅಸೈನ್‌ಮೆಂಟ್ ಬಂದಿದೆ, ಅವನು ಹೆದರಿಕೊಂಡಿದ್ದಾನೆ, ಭಾಷಣದ ಕೋಚಿಂಗಿಗೆ ಸೇರಿಸಬೇಕೇ ಎಂದು ನ್ಯೂಜೆರ್ಸಿಯ ಸಹೋದರಿಯೊಬ್ಬರು ಇಲ್ಲಿ ಕೇಳಿದ್ದಾರೆ. ಧಾರವಾಡದಲ್ಲಿ ಹೈಸ್ಕೂಲು ಮಾಸ್ತರನಾಗಿದ್ದು ನಿವೃತ್ತನಾದ ನನ್ನನ್ನು ಈ ಗುಂಪಿಗೆ ಸೇರಿಸಿದವಳು ಮಗಳು. ಮೊಮ್ಮಕ್ಕಳ ತರಗತಿ ಭಾಷಣಗಳನ್ನು ವಿಡಿಯೊ ಕರೆಯಲ್ಲಿ ಕೇಳುತ್ತ ಬಂದಿರುವುದರಿಂದ ಉತ್ತರ ಬರೆಯುವ ಧೈರ್ಯ ಮಾಡುತ್ತಿದ್ದೇನೆ. ಕೋಚಿಂಗ್ ಬೇಡ, ತಾಯಿ. ಅದೇ ಭಾಷಣವನ್ನು ಅವನು ಮೊದಲು ಕನ್ನಡದಲ್ಲಿ, ಊರಿನಲ್ಲಿರುವ ಅಜ್ಜ-ಅಜ್ಜಿಯರ ಮುಂದೆ ಹೇಳಲಿ. ಮಕ್ಕಳ ಕನ್ನಡ ಉಳಿಯಲಿ ಎಂಬ ಆಸೆ ಎಲ್ಲರಂತೆ ನನಗೂ ಇದೆ, ಆದರೆ ಈ ಸಲಹೆಯನ್ನು ಅವನ ಇಂಗ್ಲಿಷ್ ಭಾಷಣ ಚೆನ್ನಾಗಿ ಆಗಲೆಂದೇ ಕೊಡುತ್ತಿದ್ದೇನೆ.

ನಮ್ಮ ಕಡೆಯ ಶಾಲೆಗಳಲ್ಲಿ ಭಾಷಣವೆಂದರೆ ಆಗಸ್ಟ್ 15, ಜನವರಿ 26 ಮತ್ತು ನವೆಂಬರ್ 1. ಮಾಸ್ತರರು ಬರೆದುಕೊಟ್ಟ ಒಂದು ಪುಟವನ್ನು ಬಾಯಿಪಾಠ ಮಾಡಿ, "ವೇದಿಕೆಯ ಮೇಲೆ ಆಸೀನರಾಗಿರುವ ಮಾನ್ಯ ಅಧ್ಯಕ್ಷರೇ, ಗುರುವೃಂದದವರೇ, ನನ್ನ ನೆಚ್ಚಿನ ಸಹಪಾಠಿಗಳೇ" ಎಂದು ಒಂದೇ ಉಸಿರಿನಲ್ಲಿ ಆರಂಭಿಸಿ, ನಡುವೆ ಒಂದು ಸಾಲು ಮರೆತರೆ ಮತ್ತೆ ಮೊದಲಿನಿಂದ ಹಿಡಿದು, ಕೊನೆಗೆ ಘೋಷಣೆ ಕೂಗಿ ಕೆಳಗಿಳಿಯುವುದು. ಅಂಥ ಪುಟಗಳನ್ನು ನಾನೂ ಬರೆದುಕೊಟ್ಟವನೇ. ಅದರಿಂದ ಏನೂ ಸಿಗಲಿಲ್ಲ ಎನ್ನುವುದು ಕೃತಘ್ನತೆಯಾದೀತು. ದನಿ ಎತ್ತುವುದನ್ನೂ ನೂರು ಜನರ ಮುಂದೆ ಕಾಲೂರಿ ನಿಲ್ಲುವುದನ್ನೂ ಹಳ್ಳಿಯ ಮಕ್ಕಳು ಕಲಿತದ್ದು ಅಲ್ಲಿಯೇ. ಆದರೆ ನಿಮ್ಮ ಮಗನ ಶಿಕ್ಷಕಿ ಕೇಳುತ್ತಿರುವುದು ಬೇರೆ. ಅಮೆರಿಕದ ಬಹುಪಾಲು ರಾಜ್ಯಗಳು ಅಳವಡಿಸಿಕೊಂಡ, 2010ರಲ್ಲಿ ಪ್ರಕಟವಾದ ಕಾಮನ್ ಕೋರ್ ಮಾನದಂಡಗಳಲ್ಲಿ ಓದು-ಬರಹಗಳ ಜೊತೆಗೆ ಮಾತನಾಡುವುದು ಮತ್ತು ಆಲಿಸುವುದು ಎಂಬುದೇ ಒಂದು ಪ್ರತ್ಯೇಕ ವಿಭಾಗವಿದೆ. ವಿಷಯವನ್ನು ಕ್ರಮಬದ್ಧವಾಗಿ, ತಕ್ಕ ವಿವರಗಳೊಂದಿಗೆ, ಕೇಳುವವರಿಗೆ ಅರ್ಥವಾಗುವ ವೇಗದಲ್ಲಿ ಹೇಳಬೇಕು ಎಂಬುದು ಅದರ ತಿರುಳು. ಯಾವುದಕ್ಕೆ ಅಂಕ ಎಂದು ಶಿಕ್ಷಕಿ ಮೊದಲೇ ಕೊಡುವ ಪಟ್ಟಿಯಲ್ಲೂ ಸಾಮಾನ್ಯವಾಗಿ ಇರುವುದು ಇವೇ: ಆರಂಭ, ಅನುಕ್ರಮ, ಕೇಳುಗರ ಕಡೆಗೆ ನೋಟ, ದನಿ, ಸಮಯ. ಇಂಗ್ಲೆಂಡಿನಲ್ಲಿರುವ ಸದಸ್ಯರ ಮಕ್ಕಳಿಗೆ ಹದಿನಾರರ ಸುಮಾರಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಯ ಇಂಗ್ಲಿಷ್ ಭಾಷಾವಿಷಯದ ಭಾಗವಾಗಿಯೇ ಭಾಷಣವಿದ್ದು, ಅದಕ್ಕೆ ಪಾಸ್, ಮೆರಿಟ್ ಅಥವಾ ಡಿಸ್ಟಿಂಕ್ಷನ್ ಎಂದು ಪ್ರತ್ಯೇಕ ಫಲಿತಾಂಶ ಕೊಡುತ್ತಾರೆ. ಬಾಯಿಪಾಠದ ಓಟಕ್ಕೆ ಇಂಥ ಕಡೆ ಬೆಲೆ ಕಡಿಮೆ.

ಮೊದಲು ವಿಷಯದ ಮಾತು. ಮೊಮ್ಮಗಳು ಕಳೆದ ಬಾರಿ "ಕರ್ನಾಟಕ" ಎಂಬ ವಿಷಯ ಆರಿಸಿಕೊಂಡು ಬಂದಳು. ಮೂರು ನಿಮಿಷದಲ್ಲಿ ಕರ್ನಾಟಕವನ್ನು ಹೇಳಹೊರಟರೆ ಜಿಲ್ಲೆಗಳ ಪಟ್ಟಿ ಓದಿ ಕುಳಿತುಕೊಳ್ಳಬೇಕಾಗುತ್ತದೆ. ಅದನ್ನು ಕಿರಿದು ಮಾಡುತ್ತ ಹಾವೇರಿ ಜಿಲ್ಲೆಗೆ, ಅಲ್ಲಿಂದ ಬ್ಯಾಡಗಿಯ ಮೆಣಸಿನಕಾಯಿಗೆ, ಕೊನೆಗೆ "ಬ್ಯಾಡಗಿ ಮೆಣಸಿನಕಾಯಿ ಅಷ್ಟು ಕೆಂಪಗಿದ್ದರೂ ಖಾರ ಯಾಕೆ ಕಡಿಮೆ?" ಎಂಬ ಒಂದೇ ಪ್ರಶ್ನೆಗೆ ಬಂದೆವು. ಈ ಪ್ರಶ್ನೆ ನಾನು ಕೊಟ್ಟದ್ದಲ್ಲ. ಅವಳು ಮೆಣಸಿನಕಾಯಿಯ ಬಗ್ಗೆ ಕನ್ನಡದಲ್ಲಿ ಹೇಳತೊಡಗಿದಾಗ, ಐವತ್ತು ವರ್ಷ ಅದನ್ನೇ ಕುಟ್ಟಿ ಖಾರಪುಡಿ ಮಾಡಿದ ಅವಳ ಅಜ್ಜಿ ಪಕ್ಕದಿಂದ, "ಅದೆಲ್ಲಾ ನನಗ ಗೊತ್ತದವಾ, ಆದ್ರ ಇಷ್ಟು ಕೆಂಪ ಇದ್ದದ್ದು ಖಾರ ಯಾಕ ಇರಂಗಿಲ್ಲ, ಅದನ್ನ ಹೇಳು" ಎಂದಳು. ಹುಡುಗಿಗೆ ಉತ್ತರ ಬರಲಿಲ್ಲ. ಹುಡುಕಿಕೊಂಡು ಮುಂದಿನ ವಾರ ಬಂದಳು. ಕೆಂಪು ಬಣ್ಣ ಕೊಡುವುದು ಮುಖ್ಯವಾಗಿ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ, ಖಾರ ಕೊಡುವುದು ಕ್ಯಾಪ್ಸೈಸಿನ್ ಎಂಬ ಬೇರೆಯೇ ರಾಸಾಯನಿಕ. ಎರಡನೆಯದು ಹೆಚ್ಚಾಗಿ ಬೀಜ ಹಿಡಿದುಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿರುತ್ತದೆ. ಒಂದು ಹೆಚ್ಚಿದ್ದರೆ ಇನ್ನೊಂದೂ ಹೆಚ್ಚಿರಬೇಕೆಂಬ ನಿಯಮವಿಲ್ಲ. ಬ್ಯಾಡಗಿಯಲ್ಲಿ ಮೊದಲನೆಯದು ಧಾರಾಳ, ಎರಡನೆಯದು ಕಡಿಮೆ. ಇದರ ಜೊತೆಗೆ 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ್ದು, ಅದರಿಂದ ತೆಗೆದ ಬಣ್ಣವನ್ನು ತಿನಿಸುಗಳಿಗೂ ಪ್ರಸಾಧನಗಳಿಗೂ ಬಳಸುವುದು, ಇಷ್ಟು ಸೇರಿದರೆ ಮೂರು ನಿಮಿಷ ತುಂಬಿತು.

ಇಲ್ಲಿ ಇನ್ನೊಂದು ಕೆಲಸವೂ ತಾನಾಗಿ ಆಯಿತು. ಅಜ್ಜಿಗೆ ಬ್ಯಾಡಗಿ ಎಲ್ಲಿದೆ, ಆ ಮೆಣಸಿನಕಾಯಿಯ ಎರಡು ಬಗೆಗಳಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು ಎಂದು ಹೇಳಬೇಕಿರಲಿಲ್ಲ, ಆದರೆ ರಾಸಾಯನಿಕವೆಂದರೇನೆಂದು ಬಿಡಿಸಿ ಹೇಳಬೇಕಾಯಿತು. ತರಗತಿಯಲ್ಲಿ ಇದು ತಲೆಕೆಳಗು: ಆ ಮಕ್ಕಳಿಗೆ ವಿಜ್ಞಾನದ ಪದ ಪರಿಚಿತ, ಬ್ಯಾಡಗಿ ಅಪರಿಚಿತ. ಎದುರಿಗಿರುವವರಿಗೆ ಏನು ಗೊತ್ತಿದೆ ಎಂದು ಅಳೆದು ಮಾತನಾಡುವುದನ್ನು ಅಮೆರಿಕದ ಕಾಲೇಜುಗಳ ಆರಂಭಿಕ ಭಾಷಣ ತರಗತಿಯಲ್ಲಿ ಒಂದು ಅಧ್ಯಾಯವಾಗಿಯೇ ಕಲಿಸುತ್ತಾರೆ. ಎರಡು ಬಗೆಯ ಕೇಳುಗರ ಮುಂದೆ ಒಂದೇ ವಿಷಯ ಹೇಳಿದ ಮಗುವಿಗೆ ಅದು ಅಧ್ಯಾಯವಿಲ್ಲದೆಯೂ ತಿಳಿಯುತ್ತದೆ.

ಎರಡು ಭಾಷೆಗಳಲ್ಲಿ ಅಭ್ಯಾಸ ಮಾಡಬೇಕೆನ್ನುವುದಕ್ಕೆ ನನ್ನ ಮುಖ್ಯ ಕಾರಣ ಇನ್ನೂ ಬೇರೆಯಿದೆ. ಇಂಗ್ಲಿಷಿನಲ್ಲಿ ಮಾತ್ರ ಹತ್ತು ಸಲ ಹೇಳಿದ ಮಗುವಿಗೆ ವಾಕ್ಯಗಳೇ ಬಾಯಿಗೆ ಬಂದುಬಿಡುತ್ತವೆ, ಅದರಲ್ಲೊಂದು ಜಾರಿದರೆ ಮುಂದಿನದೂ ಹೋಗುತ್ತದೆ. ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಹೇಳುವ ಮಗುವಿಗೆ ವಾಕ್ಯಗಳನ್ನು ಹೊತ್ತೊಯ್ಯಲು ಬರುವುದಿಲ್ಲ. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದು ವಿಷಯದ ಅನುಕ್ರಮ ಮಾತ್ರ. ಮೊದಲು ಪ್ರಶ್ನೆ, ಆಮೇಲೆ ಊರು, ಆಮೇಲೆ ಬಣ್ಣ, ಖಾರ, ಉಪಯೋಗ. ಈ ಎಲುಬುಗೂಡು ಗಟ್ಟಿಯಾದ ಮೇಲೆ ತರಗತಿಯಲ್ಲಿ ಯಾವ ಪದ ಬಂದರೂ ನಡೆಯುತ್ತದೆ. ಕೈಯಲ್ಲಿ ಇಟ್ಟುಕೊಳ್ಳುವ ಚೀಟಿಯಲ್ಲೂ ಈ ಐದು ಪದಗಳಷ್ಟೇ ಇರಲಿ. ಪೂರ್ತಿ ವಾಕ್ಯ ಬರೆದರೆ ಕಣ್ಣು ಅಲ್ಲೇ ಅಂಟಿಕೊಳ್ಳುತ್ತದೆ. ಬಾಯಿಪಾಠ ಬೇಕಾದದ್ದು ಮೊದಲ ಎರಡು ವಾಕ್ಯಗಳಿಗೆ ಮತ್ತು ಕೊನೆಯ ಒಂದಕ್ಕೆ ಮಾತ್ರ, ಏಕೆಂದರೆ ಎದೆ ಹೆಚ್ಚು ಬಡಿದುಕೊಳ್ಳುವುದು ಎದ್ದು ನಿಂತ ಮೊದಲ ಅರ್ಧ ನಿಮಿಷದಲ್ಲಿ.

ಸಮಯವನ್ನು ಮಾತ್ರ ಇಂಗ್ಲಿಷಿನಲ್ಲಿಯೇ ಅಳೆಯಿರಿ. ಸಾವಕಾಶವಾಗಿ ಮಾತನಾಡಿದರೆ ಇಂಗ್ಲಿಷಿನಲ್ಲಿ ನಿಮಿಷಕ್ಕೆ 130 ಪದಗಳ ಆಸುಪಾಸು ಆಗುತ್ತದೆ. ಪ್ರತ್ಯಯಗಳನ್ನು ಹೊತ್ತ ನಮ್ಮ ಪದಗಳು ಉದ್ದವಾದ್ದರಿಂದ ಕನ್ನಡದ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ಊರಿನ ಹಿರಿಯರಿಗೂ ಒಂದು ಮಾತು ಹೇಳಿಡಬೇಕಾಗುತ್ತದೆ, ಇದನ್ನು ಮಾಸ್ತರಿಕೆಯ ಅನುಭವದಿಂದಲೇ ಹೇಳುತ್ತೇನೆ. ಮಗು ಮಾತನಾಡುವಾಗ ಅಲ್ಪಪ್ರಾಣ-ಮಹಾಪ್ರಾಣ ತಿದ್ದಬಾರದು. ಕನ್ನಡ ಪದ ಸಿಗದೆ ಇಂಗ್ಲಿಷ್ ಪದ ಬಳಸಿದರೆ ಬಳಸಲಿ. "ಮೊಮ್ಮಗಳು ಭಾಷಣ ಮಾಡಾಕತ್ತಾಳ" ಎಂದು ಓಣಿಯವರನ್ನೆಲ್ಲ ಕರೆದು ಪರದೆಯ ಮುಂದೆ ಕೂರಿಸಬಾರದು. ಮುಗಿದ ಮೇಲೆ ಶಭಾಷ್ ಎನ್ನುವುದಕ್ಕಿಂತ ಒಂದು ನಿಜವಾದ ಪ್ರಶ್ನೆ ಕೇಳಬೇಕು. ಇಲ್ಲಿಯ ಶನಿವಾರ ಸಂಜೆ ಏಳೂವರೆ ಎಂದರೆ ನಿಮಗೆ ಬೇಸಿಗೆಯ ಗಡಿಯಾರದಂತೆ ಬೆಳಗಿನ ಹತ್ತು. ಕ್ಯಾಲಿಫೋರ್ನಿಯಾದವರಿಗೆ ನಮ್ಮ ರವಿವಾರ ಬೆಳಗಿನ ಎಂಟೂವರೆ ಅನುಕೂಲ, ಅಲ್ಲಿ ಆಗ ಶನಿವಾರ ರಾತ್ರಿ ಎಂಟು.

ಮಾಡಿ ತೋರಿಸುವ ಭಾಷಣ ಬಂದಾಗ ನಮ್ಮವರೆಲ್ಲ ಗಿರ್ಮಿಟ್ ಎನ್ನುತ್ತಾರೆ. ಆರಿಸಿಕೊಳ್ಳಬಹುದು, ಗೊಜ್ಜನ್ನು ಮನೆಯಲ್ಲೇ ಮಾಡಿಟ್ಟುಕೊಂಡು ಚುರುಮುರಿಯನ್ನು ಕೊನೆಯ ನಿಮಿಷಕ್ಕೆ ಕಲಸುವುದು ಸಮಯ ಪಾಲನೆಗೆ ಒಳ್ಳೆಯ ತಾಲೀಮು. ಆದರೆ ಅಲರ್ಜಿಯ ಕಾರಣಕ್ಕೆ ಅನೇಕ ಶಾಲೆಗಳು ಹೊರಗಿನ ತಿನಿಸು ಬಿಡುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಬಿಡದಿದ್ದರೆ ಕಸೂತಿ ಇದೆ: ಗಂಟು ಹಾಕದೆ, ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣುವಂತೆ ಹಾಕುವ ಗವಂತಿ ಹೊಲಿಗೆಯನ್ನು ದೊಡ್ಡ ಸೂಜಿ, ದಪ್ಪ ದಾರದಿಂದ ರಟ್ಟಿನ ಮೇಲೆ ತೋರಿಸಬಹುದು.

ಮನವೊಲಿಸುವ ಭಾಷಣಕ್ಕೆ ಮಾತ್ರ ಅಜ್ಜ-ಅಜ್ಜಿಯರು ಉಪಯೋಗಕ್ಕೆ ಬರುವುದಿಲ್ಲ. ಶಾಲೆಗೆ ವಾರದಲ್ಲಿ ನಾಲ್ಕೇ ದಿನ ಸಾಕು ಎಂದು ಮೊಮ್ಮಗ ವಾದಿಸಿದಾಗ ನಾವಿಬ್ಬರೂ ಮೊದಲ ವಾಕ್ಯಕ್ಕೇ ಒಪ್ಪಿಬಿಟ್ಟೆವು. ಹುಬ್ಬಳ್ಳಿಯಲ್ಲಿ ವಕೀಲಿಕೆ ಮಾಡುವ ಅವನ ಕಾಕಾನನ್ನು ಕರೆಗೆ ಸೇರಿಸಿಕೊಂಡ ಮೇಲೆಯೇ ಅವನಿಗೆ ಉತ್ತರ ಹುಡುಕುವ ಕೆಲಸ ಬಿದ್ದದ್ದು.