ಮೂವತ್ತು ವರ್ಷದ ಬಚ್ಚಲುಮನೆಯನ್ನು ಹೊಸದಾಗಿ ಮಾಡಿಸುವ ಮುನ್ನ: ಒಂದು ಪ್ರಶ್ನೆ, ಕೆಲವು ಅನುಭವಗಳು

ಪ್ರಶ್ನೆ, ಮೈಸೂರಿನಿಂದ

ನಮಸ್ಕಾರ. ತಂದೆಯವರು 1994ರಲ್ಲಿ ಕಟ್ಟಿಸಿದ ಮನೆಯ ನೆಲಮಹಡಿಯಲ್ಲಿರುವ, ಐದಡಿ ಅಗಲ ಎಂಟಡಿ ಉದ್ದದ ಬಚ್ಚಲುಮನೆಯನ್ನು ಹೊಸದಾಗಿ ಮಾಡಿಸಬೇಕೆಂದಿದ್ದೇವೆ. ಅಪ್ಪನಿಗೆ 78, ಅಮ್ಮನಿಗೆ 72 ವರ್ಷ. ಬಚ್ಚಲಿಗೆ ತಾಗಿದ ಮಲಗುವ ಕೋಣೆಯ ಗೋಡೆ ಮೊಣಕಾಲೆತ್ತರದವರೆಗೆ ತೇವ ಹಿಡಿದಿದ್ದು, ಎರಡು ಬಾರಿ ಬಣ್ಣ ಹೊಡೆಸಿದರೂ ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ. ನೋಡಲು ಬಂದ ಮೇಸ್ತ್ರಿ, ಹಳೆಯ ಟೈಲ್ಸ್ ಒಡೆಯದೆ ಅದರ ಮೇಲೆಯೇ ಹೊಸದನ್ನು ಅಂಟಿಸಿ ನಾಲ್ಕು ದಿನದಲ್ಲಿ ಮುಗಿಸಿಕೊಡುತ್ತೇನೆ ಎನ್ನುತ್ತಾರೆ. ನೀರು ತುಂಬುವ ಹಬ್ಬಕ್ಕೆ ಇನ್ನೆರಡು ತಿಂಗಳಿದೆ. ಅಷ್ಟರೊಳಗೆ ಕೆಲಸ ಮುಗಿಯಬೇಕೆಂಬುದು ಅಮ್ಮನ ಆಸೆ. ಎಲ್ಲಿಂದ ಆರಂಭಿಸಬೇಕೆಂದು ಮಾಡಿಸಿದವರು ದಯವಿಟ್ಟು ತಿಳಿಸಬೇಕು.

ಉತ್ತರ, ಹುಬ್ಬಳ್ಳಿಯಿಂದ, ಸಿವಿಲ್ ಕೆಲಸದಲ್ಲಿರುವವರು

ಟೈಲ್ಸಿನ ಮೇಲೆ ಟೈಲ್ಸ್ ಅಂಟಿಸುವುದು ತಪ್ಪು ವಿಧಾನವೇನಲ್ಲ. ಅದಕ್ಕೆಂದೇ ತಯಾರಾದ ಅಂಟು ಸಿಗುತ್ತದೆ, ಗೋಡೆ ಒಣಗಿ ಗಟ್ಟಿಯಾಗಿದ್ದ ಕಡೆಗಳಲ್ಲಿ ನಾನೇ ಮಾಡಿಸಿದ್ದೇನೆ. ಆದರೆ ತಮ್ಮ ಮನೆಯಲ್ಲಿ ಪಕ್ಕದ ಗೋಡೆಯೇ ತೇವವಾಗಿದೆ ಎಂದ ಮೇಲೆ ನೀರು ಎಲ್ಲಿಂದಲೋ ಹರಿಯುತ್ತಿದೆ, ಮೇಲಿನಿಂದ ಮತ್ತೊಂದು ಪದರ ಹೊದಿಸಿದರೆ ಅದು ಕಣ್ಣಿಗೆ ಕಾಣುವುದು ತಡವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಇದಲ್ಲದೆ ನೆಲ ಅರ್ಧ ಇಂಚಿಗಿಂತ ಹೆಚ್ಚು ಏರುವುದರಿಂದ ಬಾಗಿಲ ಕೆಳಭಾಗವನ್ನು ಕತ್ತರಿಸಬೇಕಾದೀತು, ಹೊಸ್ತಿಲು ದಾಟಿ ನೀರು ಕೋಣೆಗೆ ಬರುವ ಸಂಭವವೂ ಇರುತ್ತದೆ.

ಒಡೆಯುವ ಮೊದಲು ಸೋರುವುದು ಬರುವ ನೀರೋ, ಹೋಗುವ ನೀರೋ ಎಂಬುದನ್ನು ತಿಳಿದುಕೊಳ್ಳಿ. ರಾತ್ರಿ ಮಲಗುವ ಮುನ್ನ ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಫ್ಲಶ್ ಟ್ಯಾಂಕಿಗೆ ಹೋಗುವ ಕಾಕ್ ಮುಚ್ಚಿ, ಯಾವ ನಲ್ಲಿಯನ್ನೂ ತೆರೆಯದೆ ಬೆಳಿಗ್ಗೆ ನೋಡಿ. ಮಟ್ಟ ಇಳಿದಿದ್ದರೆ ಗೋಡೆಯೊಳಗಿನ ಪೈಪಿನ ಮೇಲೆ ಅನುಮಾನ ಪಡಬೇಕು. 1994ರ ಮನೆಯಾದ್ದರಿಂದ ಅದು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಆಗಿರುವ ಸಾಧ್ಯತೆ ಹೆಚ್ಚು, ಒಳಗಿನಿಂದ ತುಕ್ಕು ತಿಂದಿರುತ್ತದೆ. ಮಟ್ಟ ಇಳಿಯದೆಯೂ ಗೋಡೆ ತೇವವಾಗಿಯೇ ಇದ್ದರೆ ನೆಲದ ಸಂದಿನಿಂದಲೋ ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ, ಜಾಲರಿ ಮುಚ್ಚಿದ ಬಾಯಿ) ಸುತ್ತಲಿಂದಲೋ ನೀರು ಇಳಿಯುತ್ತಿರಬಹುದು. ಹೇಗೂ ಒಡೆಯುವಾಗ ಹಳೆಯ ಜಿಐ ಪೈಪನ್ನೆಲ್ಲ ತೆಗೆಸಿ ಸಿಪಿವಿಸಿ (ಬಿಸಿನೀರನ್ನೂ ತಡೆಯುವ ಪ್ಲಾಸ್ಟಿಕ್ ಪೈಪು) ಹಾಕಿಸಿ, ಇನ್ನೊಂದು ಬಗೆಯ ಪ್ಲಾಸ್ಟಿಕ್ಕಿನ ಯುಪಿವಿಸಿ ಪೈಪು ತಣ್ಣೀರಿಗೆ ಮಾತ್ರ ಸರಿ, ಬಿಸಿನೀರಿಗೆ ಅದನ್ನು ಬಳಸಬಾರದು.

ಉತ್ತರ, ಬೆಂಗಳೂರಿನ ರಾಜಾಜಿನಗರದಿಂದ

ನಾವು ಎರಡು ವರ್ಷದ ಹಿಂದೆ ಮಹಡಿಯ ಬಚ್ಚಲನ್ನು ಇದೇ ರೀತಿ ಪೂರ್ತಿ ಒಡೆಸಿದೆವು. ಎರಡು ವಾರದ ಕೆಲಸವೆಂದುಕೊಂಡದ್ದು ಐದು ವಾರ ಹಿಡಿಯಿತು, ಅದರಲ್ಲಿ ಎರಡು ವಾರ ನಾನೇ ಮಾಡಿಕೊಂಡ ತಪ್ಪಿನ ಫಲ. ಅದನ್ನೇ ವಿವರವಾಗಿ ಬರೆಯುತ್ತೇನೆ.

ನೆಲವನ್ನು ಕಿತ್ತು, ಪೈಪ್ ಎಳೆದು, ವಾಟರ್‌ಪ್ರೂಫಿಂಗ್ ಬಳಿದ ಮೇಲೆ ನಹಾನಿ ಟ್ರ್ಯಾಪಿನ ಬಾಯಿಗೆ ಬಟ್ಟೆ ತುರುಕಿ, ಬಾಗಿಲಲ್ಲಿ ಸಿಮೆಂಟಿನ ಸಣ್ಣ ಕಟ್ಟೆ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ ಎರಡು ದಿನವಾದರೂ ಬಿಡಬೇಕು. ಮೇಸ್ತ್ರಿ "ಏನೂ ಆಗಲ್ಲ ಸಾರ್, ಎರಡು ಕೋಟ್ ಹೊಡೆದಿದ್ದೀವಿ" ಎಂದರು. ಟೈಲ್ಸಿನವನು ಮರುದಿನವೇ ಬರುವವನಿದ್ದ, ನಾನು ಒಪ್ಪಿಬಿಟ್ಟೆ. ಟೈಲ್ಸ್ ಕೂರಿಸಿ ಮೂರು ವಾರವಾಗುವಷ್ಟರಲ್ಲಿ ಕೆಳಗಿನ ಅಡುಗೆಮನೆಯ ತಾರಸಿಯಲ್ಲಿ ತಟ್ಟೆಯಗಲದ ಕಲೆ ಕಾಣಿಸಿತು. ಮತ್ತೆ ಒಡೆದು ನೋಡಿದಾಗ ಬಳಿದ ಪದರದಲ್ಲಿ ದೋಷವೇ ಇರಲಿಲ್ಲ. ಟ್ರ್ಯಾಪಿನ ಪೈಪು ಕಾಂಕ್ರೀಟನ್ನು ಸೇರುವ ಕಡೆ ಸುತ್ತಲೂ ಕೂದಲೆಳೆಯಷ್ಟು ಸಂದಿತ್ತು. ಸಿಮೆಂಟಿಗೂ ಪ್ಲಾಸ್ಟಿಕ್ಕಿಗೂ ಹೊಂದಾಣಿಕೆ ಕಡಿಮೆ, ಆ ಜಾಗವನ್ನು ಪ್ರತ್ಯೇಕವಾಗಿ ಗ್ರೌಟ್ (ಸಂದು ತುಂಬುವ ತೆಳು ಗಾರೆ) ತುಂಬಿ ಮುಚ್ಚಬೇಕು. ತಮ್ಮದು ನೆಲಮಹಡಿಯಾದ್ದರಿಂದ ಕೆಳಗಿನಿಂದ ನೋಡಲು ತಾರಸಿಯಿಲ್ಲ. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಮೊಳೆಯಿಂದ ಗೀರಿ, ಎರಡು ದಿನದ ನಂತರ ಎಷ್ಟು ಇಳಿದಿದೆ ಎಂಬುದನ್ನೇ ನಂಬಬೇಕು. ಆರಿಹೋಗುವ ನೀರು ಅತ್ಯಲ್ಪ, ಅರ್ಧ ಇಂಚು ಇಳಿದಿದ್ದರೆ ಖಂಡಿತ ಸೋರಿಕೆಯಿದೆ.

ದುರಸ್ತಿಗೆ ಬೇಕಾದದ್ದು ಆರು ಟೈಲ್ಸ್, ನನ್ನಲ್ಲಿ ಉಳಿದಿದ್ದುದು ಎರಡು. ಅಂಗಡಿಯಲ್ಲಿ ಅದೇ ಹೆಸರಿನ, ಅದೇ ನಂಬರಿನ ಟೈಲ್ಸ್ ಸಿಕ್ಕಿತು, ಆದರೆ ಬ್ಯಾಚ್ ಬೇರೆಯಾಗಿದ್ದರಿಂದ ಬಣ್ಣ ಸ್ವಲ್ಪ ಹಳದಿಗೆ ತಿರುಗಿತ್ತು. ಇಂದಿಗೂ ಬಾಗಿಲು ತೆರೆದೊಡನೆ ಕಣ್ಣಿಗೆ ಮೊದಲು ಬೀಳುವುದು ಆ ನಾಲ್ಕು ಟೈಲ್ಸ್. ತಮ್ಮ ಅಳತೆಗೆ ಏಳಡಿ ಎತ್ತರದವರೆಗೆ ಗೋಡೆಯೆಂದರೆ 182 ಚದರಡಿ, ಬಾಗಿಲು ಕಳೆದರೆ ಸುಮಾರು 165, ನೆಲ 40. ಒಡೆಯುವುದು, ಕತ್ತರಿಸುವುದು ಎಂದು ನೂರಕ್ಕೆ ಹತ್ತು ಸೇರಿಸಿ 225 ಚದರಡಿ ತಂದು, ಪೆಟ್ಟಿಗೆಗಳ ಮೇಲಿನ ಬ್ಯಾಚ್ ನಂಬರ್ ಒಂದೇ ಇದೆಯೇ ಎಂದು ಇಳಿಸಿಕೊಳ್ಳುವಾಗಲೇ ನೋಡಿ. ನೆಲಕ್ಕೆ ನುಣುಪಿಲ್ಲದ, ಆ್ಯಂಟಿಸ್ಕಿಡ್ ಎಂದು ಕೇಳಿ ಕೊಳ್ಳುವ ಟೈಲ್ಸೇ ಇರಲಿ. ಗೋಡೆಯ ಬಣ್ಣದ ವಿಚಾರದಲ್ಲಿ ನನಗೆ ಹೇಳುವುದೇನೂ ಇಲ್ಲ, ನಮ್ಮ ಮನೆಯಲ್ಲಿ ಅದನ್ನು ನನ್ನನ್ನು ಕೇಳಿ ಯಾರೂ ತೀರ್ಮಾನಿಸಲಿಲ್ಲ.

ಕಮೋಡ್, ಡೈವರ್ಟರ್ (ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ, ಗೋಡೆಯೊಳಗೆ ಕೂರುವ ಸಾಧನ) ಇವೆರಡನ್ನೂ ಪ್ಲಂಬರ್ ಗೋಡೆ ಕೊರೆಯುವ ಮೊದಲೇ ಕೊಂಡು ತಂದಿಟ್ಟುಕೊಳ್ಳಿ. ಗೋಡೆಯಿಂದ ಹೊರಹರಿವಿನ ಪೈಪಿನ ನಡುವಿಗೆ ಎಷ್ಟು ಇಂಚು ಎಂಬುದು ಒಂದೊಂದು ಕಮೋಡಿಗೂ ಒಂದೊಂದು ರೀತಿ ಇರುತ್ತದೆ, ನಂತರ ಅಂಗಡಿಯಲ್ಲಿ ಇಷ್ಟವಾದದ್ದು ಮನೆಯಲ್ಲಿ ಕೂರುವುದಿಲ್ಲ. ಕೊನೆಯದಾಗಿ, ಪೈಪುಗಳ ಮೇಲೆ ಗಾರೆ ಮುಚ್ಚುವ ಮುನ್ನ ಗೋಡೆಗೆ ಅಳತೆ ಟೇಪ್ ಹಿಡಿದು ನಾಲ್ಕೂ ಕಡೆ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಟವೆಲ್ ಹ್ಯಾಂಗರಿಗೆ ಡ್ರಿಲ್ ಹಾಕುವಾಗ ಅದರ ಬೆಲೆ ತಿಳಿಯುತ್ತದೆ.

ಉತ್ತರ, ಶಿವಮೊಗ್ಗದಿಂದ

ನಮ್ಮ ಅತ್ತೆಯವರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ನಾವು ಬಚ್ಚಲು ಸರಿಪಡಿಸಿದೆವು, ಹಾಗಾಗಿ ಹಿರಿಯರಿರುವ ಮನೆಯವರು ಒಡೆಸುವಾಗಲೇ ಇದನ್ನೆಲ್ಲ ಯೋಚಿಸಿದರೆ ಒಳ್ಳೆಯದು. ಕಮೋಡಿನ ಪಕ್ಕದಲ್ಲಿಯೂ ಸ್ನಾನದ ಜಾಗದಲ್ಲಿಯೂ ಹಿಡಿದುಕೊಳ್ಳುವ ಸ್ಟೀಲ್ ಕಂಬಿಗಳು ಬೇಕು. ಟೈಲ್ಸ್ ಅಂಟಿಸಿದ ಮೇಲೆ ತೋಚಿದ ಕಡೆ ಸ್ಕ್ರೂ ಹಾಕಿದರೆ ಭಾರ ತಡೆಯದು, ಆದ್ದರಿಂದ ಕಂಬಿ ಬರುವ ಜಾಗದ ಹಿಂದೆ ಇಟ್ಟಿಗೆ ಗಟ್ಟಿಯಾಗಿದೆಯೇ ಎಂದು ಗಾರೆಯ ಹಂತದಲ್ಲಿಯೇ ನೋಡಿಸಬೇಕು. ಎತ್ತರವನ್ನು ಪುಸ್ತಕದ ಲೆಕ್ಕದಿಂದ ತೀರ್ಮಾನಿಸದೆ, ಅತ್ತೆಯವರನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಲ್ಲಿಯೇ ಕೂರಿಸಿ, ಏಳುವಾಗ ಅವರ ಕೈ ತಾನಾಗಿ ಎಲ್ಲಿಗೆ ಹೋಯಿತೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದೆವು.

ಬಾಗಿಲು ಹೊರಗಡೆಗೆ ತೆರೆಯುವಂತಿರಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾಗಿದ್ದರೆ ಒಳಕ್ಕೆ ತಳ್ಳಲಾಗುವುದಿಲ್ಲ. ಅಂದು ನಾವು ವೆಂಟಿಲೇಟರಿನ ಗಾಜು ಕಳಚಿ ಹುಡುಗನೊಬ್ಬನನ್ನು ಇಳಿಸಬೇಕಾಯಿತು.

ಮತ್ತೊಂದು ಮಾತು. ತಮ್ಮ ಅಮ್ಮನವರು ನೀರು ತುಂಬುವ ಹಬ್ಬದ ಲೆಕ್ಕ ಹಾಕುತ್ತಿದ್ದಾರೆಂದರೆ ಮರುದಿನ ಮನೆಮಂದಿಗೆಲ್ಲ ಎಣ್ಣೆಸ್ನಾನವಿದ್ದೇ ಇರುತ್ತದೆ. ಎಣ್ಣೆ ಬಿದ್ದ ನೆಲದ ಮೇಲೆ ಆ್ಯಂಟಿಸ್ಕಿಡ್ ಟೈಲ್ಸ್ ಕೂಡ ಜಾರುತ್ತದೆ, ಸೀಗೆಪುಡಿ ಜಾಲರಿಯಲ್ಲಿ ಕಟ್ಟಿಕೊಳ್ಳುತ್ತದೆ. ಕೂತು ಸ್ನಾನ ಮಾಡಲು ಒಂದೂವರೆ ಅಡಿ ಎತ್ತರದ ಕಲ್ಲಿನ ಕಟ್ಟೆಯೊಂದನ್ನು ಮೂಲೆಯಲ್ಲಿ ಕಟ್ಟಿಸಿ, ಜಾಲರಿ ಕೈಯಿಂದ ಎತ್ತಿ ತೊಳೆಯುವಂಥದ್ದಾಗಿರಲಿ.

ಉತ್ತರ, ತುಮಕೂರಿನಿಂದ

ವಿದ್ಯುತ್ತಿನ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ಎರಡು ಸಾಲು. ಗೀಸರಿಗೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ತಂತಿ, ಪ್ರತ್ಯೇಕ ಎಂಸಿಬಿ (ಹೆಚ್ಚು ವಿದ್ಯುತ್ ಹರಿದರೆ ತಾನಾಗಿ ಆರುವ ಸ್ವಿಚ್ಚು), ಅದರೊಂದಿಗೆ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆ್ಯಂಪಿನ ಆರ್‌ಸಿಸಿಬಿ ಹಾಕಿಸಿ, ಹಳೆಯ ಮನೆಯಾದ್ದರಿಂದ ಅರ್ತಿಂಗ್ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ಗೀಸರಿನ ಸ್ವಿಚ್ಚು ಬಚ್ಚಲಿನ ಹೊರಗೇ ಇರಬೇಕು.

ಮೈಸೂರಿನಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹುಬ್ಬಳ್ಳಿಯವರು ಹೇಳಿದಂತೆ ನಿನ್ನೆ ರಾತ್ರಿ ಟ್ಯಾಂಕಿಗೆ ಗುರುತು ಹಾಕಿದ್ದೆ, ಬೆಳಿಗ್ಗೆ ನೋಡಿದರೆ ಎರಡು ಬೆರಳಷ್ಟು ಇಳಿದಿತ್ತು. ನಾಲ್ಕು ದಿನದ ಮೇಸ್ತ್ರಿಗೆ ಬೇಡವೆಂದು ಹೇಳಿ, ಮೊದಲು ಪ್ಲಂಬರನ್ನು ಕರೆಸುತ್ತಿದ್ದೇನೆ. ಕಲ್ಲಿನ ಕಟ್ಟೆಯ ವಿಷಯವನ್ನು ಅಮ್ಮನಿಗೆ ಓದಿ ಹೇಳಿದಾಗ, ಹಳೆಯ ಹಂಡೆ ಒಲೆಯ ಚಪ್ಪಡಿ ಹಿತ್ತಲಿನಲ್ಲಿ ಇನ್ನೂ ಬಿದ್ದಿದೆ, ಕಟ್ಟೆಗೆ ಅದನ್ನೇ ಹಾಕಿಸು ಎಂದರು. ಅಳೆದು ನೋಡಿದೆ, ಎರಡಡಿಗೆ ಒಂದೂವರೆ ಅಡಿಯಿದೆ. ಹಬ್ಬದೊಳಗೆ ಮುಗಿಯದಿದ್ದರೆ ಈ ವರ್ಷದ ಎಣ್ಣೆಸ್ನಾನ ಪಕ್ಕದ ಬೀದಿಯ ತಂಗಿಯ ಮನೆಯಲ್ಲಿ ಎಂದು ತೀರ್ಮಾನವಾಗಿದೆ.