ಹಳೇ ಮಾರುತಿ 800: ಘಟ್ಟ ಇಳಿದ ಮೇಲೆ ನೀಲಿ ಹೊಗೆ. ಇಂಜಿನ್ ಬೋರ್ ಮಾಡಿಸಲೇಬೇಕಾ?

ಶಿರಸಿ_800:

ಎಲ್ಲರಿಗೂ ನಮಸ್ಕಾರ. ನಮ್ಮದು 2003ರ ಮಾರುತಿ 800, ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್ ಇರುವುದು), ನಾಲ್ಕು ಗೇರಿನದು. ಅಪ್ಪ ಹೊಸದಾಗಿ ತಂದಿದ್ದ ಗಾಡಿ. ಈಗ ಅವರು ಓಡಿಸುವುದಿಲ್ಲ, ನಾನು ಓಡಿಸುತ್ತಿದ್ದೇನೆ. ಮೀಟರ್ ಒಂದು ಲಕ್ಷದ ಮೂವತ್ತು ಸಾವಿರ ದಾಟಿದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಸೈಲೆನ್ಸರಿನಿಂದ ಬುಸ್ ಅಂತ ಒಂದು ಸಲ ಹೊಗೆ ಬರುತ್ತದೆ. ಸ್ವಲ್ಪ ಹೊತ್ತಿಗೆ ನಿಂತೇ ಹೋಗುತ್ತದೆ. ಪೇಟೆಯೊಳಗೆ ಓಡಾಡುವಾಗ ಏನೂ ಕಾಣುವುದಿಲ್ಲ. ಆದರೆ ದೇವಿಮನೆ ಘಟ್ಟ ಇಳಿದು ಕುಮಟಾ ಕಡೆ ಹೋಗುವಾಗ, ಕೆಳಗೆ ಸಪಾಟು ರಸ್ತೆ ಸಿಕ್ಕಿ ಆಕ್ಸಿಲರೇಟರ್ ಒತ್ತಿದ ತಕ್ಷಣ ಕನ್ನಡಿಯಲ್ಲಿ ಹಿಂದಿನ ಗಾಡಿಯೇ ಕಾಣದಷ್ಟು ಹೊಗೆ. ಬಣ್ಣ ತಿಳಿ ನೀಲಿ. ಸುಟ್ಟ ಆಯಿಲ್ ವಾಸನೆ. ಆಯಿಲ್ ಕೂಡ ಕಮ್ಮಿಯಾಗುತ್ತಿದೆ, ಆಗಾಗ ಟಾಪ್ ಅಪ್ ಮಾಡ್ತಾ ಇದ್ದೇನೆ.

ಇಲ್ಲಿಯ ಮೆಕ್ಯಾನಿಕ್ ಹೊಗೆ ನೋಡಿದ ತಕ್ಷಣ, "ರಿಂಗ್ ಹೋಗಿದೆ, ಇಂಜಿನ್ ಇಳಿಸಿ ಬೋರ್ ಮಾಡಿಸಬೇಕು" ಅಂದರು. ಅಂದರೆ ಪಿಸ್ಟನ್ ಸುತ್ತಲಿನ ಬಳೆಗಳು ಸವೆದಿವೆ, ಸಿಲಿಂಡರ್ ಕೊರೆಸಬೇಕು ಅಂತ. ಅಷ್ಟು ದುಡ್ಡು ಹಾಕುವ ಬದಲು ಗಾಡಿಯನ್ನೇ ಕೊಟ್ಟುಬಿಡು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ನನಗೆ ಕೊಡುವ ಮನಸ್ಸಿಲ್ಲ. ತಮಾಷೆ ಅಂದರೆ ಎಮಿಷನ್ ಟೆಸ್ಟ್ ಮೊನ್ನೆ ತಾನೇ ಪಾಸಾಗಿದೆ. ರಿಂಗ್ ಹೋಗಿದ್ದರೆ ಪಾಸಾಗುತ್ತಿತ್ತಾ? ತಿಳಿದವರು ಹೇಳಿ.

ದಾವಣಗೆರೆ_ಕಾರ್ಬ್:

ನನ್ನದು 1994ರದ್ದು, ಕಾರ್ಬುರೇಟರ್ ಗಾಡಿ. ಅದರಲ್ಲೂ ಹೊಗೆ ಇತ್ತು, ಆದರೆ ಕಪ್ಪು. ಚೋಕ್ ಕೇಬಲ್ ತುಕ್ಕು ಹಿಡಿದು, ಗುಂಡಿ ಒಳಗೆ ತಳ್ಳಿದರೂ ಚೋಕ್ (ತಣ್ಣಗೆ ಸ್ಟಾರ್ಟ್ ಮಾಡುವಾಗ ಗಾಳಿ ಕಮ್ಮಿ ಮಾಡುವ ಮುಚ್ಚಳ) ಪೂರ್ತಿ ತೆರೆಯುತ್ತಿರಲಿಲ್ಲ. ಕೇಬಲ್ ಬದಲಿಸಿ, ಏರ್ ಫಿಲ್ಟರ್ ಹೊಸದು ಹಾಕಿದೆ, ಸರಿಹೋಯಿತು. ನಿಮ್ಮದು ನೀಲಿ ಅಂದಮೇಲೆ ಆ ಕಥೆ ಬೇರೆ. ಕಪ್ಪು ಅಂದರೆ ಪೆಟ್ರೋಲ್ ಜಾಸ್ತಿ, ನೀಲಿ ಅಂದರೆ ಆಯಿಲ್ ಉರಿಯುತ್ತಿದೆ.

ಹಾಸನ_ಗ್ಯಾರೇಜ್:

ಶಿರಸಿಯವರೇ, ದಯವಿಟ್ಟು ಈಗಲೇ ಇಂಜಿನ್ ಇಳಿಸಲು ಒಪ್ಪಬೇಡಿ. ಗಾಡಿಯನ್ನೂ ಮಾರಬೇಡಿ. ನಾನು ಈ ಇಂಜಿನ್ ಮೇಲೆ ಕೈ ಇಟ್ಟು ಬದುಕಿದವನು. 796 ಸಿಸಿ, ಮೂರು ಸಿಲಿಂಡರ್, ನಾಲ್ಕು ಗೇರಿನ ಗಾಡಿಯಲ್ಲಿ ಒಟ್ಟು ಆರು ವಾಲ್ವ್ (ಸಿಲಿಂಡರಿಗೆ ಗಾಳಿ ಒಳಗೆ ಬಿಡುವ, ಹೊಗೆ ಹೊರಗೆ ಬಿಡುವ ಕವಾಟ). ಕೆಲಸ ಮಾಡಲು ಇದಕ್ಕಿಂತ ಸುಲಭದ ಇಂಜಿನ್ ಸಿಗುವುದಿಲ್ಲ.

ಹೊಗೆಯ ಬಣ್ಣ ಎಲ್ಲರೂ ನೋಡುತ್ತಾರೆ. ಹೊಗೆ ಯಾವಾಗ ಬರುತ್ತದೆ ಅಂತ ಕೇಳುವವರು ಕಮ್ಮಿ. ನಿಮ್ಮ ಪ್ರಶ್ನೆಯಲ್ಲಿ ಅದೇ ಚೆನ್ನಾಗಿ ಬಂದಿದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ರಾತ್ರಿ ಗಾಡಿ ನಿಂತಾಗ ಹೆಡ್ (ವಾಲ್ವ್ ಇರುವ ಇಂಜಿನ್ನಿನ ಮೇಲ್ಭಾಗ) ಮೇಲೆ ಉಳಿದ ಆಯಿಲ್, ವಾಲ್ವ್ ಕಡ್ಡಿಯ ಪಕ್ಕದಿಂದ ನಿಧಾನಕ್ಕೆ ಕೆಳಗೆ ಇಳಿಯುತ್ತದೆ. ಅದನ್ನು ತಡೆಯುವುದು ಒಂದು ಸಣ್ಣ ರಬ್ಬರ್ ಸೀಲ್. ಇಪ್ಪತ್ತು ವರ್ಷದ ಬಿಸಿಗೆ ಆ ರಬ್ಬರ್ ಒಣಗಿ ಗಟ್ಟಿಯಾಗುತ್ತದೆ. ಬಿಚ್ಚಿ ಬೆರಳಲ್ಲಿ ಒತ್ತಿದರೆ ಪ್ಲಾಸ್ಟಿಕ್ ತುಂಡಿನ ಹಾಗೆ ಚೂರಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಇಳಿದು ಕೂತಿದ್ದ ಆ ಆಯಿಲ್ ಒಂದೇ ಸಲ ಉರಿಯುತ್ತದೆ. ನಿಮ್ಮ ಬುಸ್ ಅನ್ನೋ ಹೊಗೆ ಅದೇ.

ಘಟ್ಟದ್ದೂ ಹೀಗೇ. ನೀವು ಸೆಕೆಂಡ್ ಗೇರಲ್ಲಿ ಕಾಲು ತೆಗೆದು ಇಳಿಯುತ್ತೀರಿ. ಥ್ರಾಟಲ್ ಮುಚ್ಚಿದೆ, ಇಂಜಿನ್ ಜೋರಾಗಿ ತಿರುಗುತ್ತಿದೆ. ಒಳಗೆ ವ್ಯಾಕ್ಯೂಮ್ ಸಿಕ್ಕಾಪಟ್ಟೆ ಏರುತ್ತದೆ. ಅದು ಇನ್‌ಟೇಕ್ ವಾಲ್ವಿನ ಪಕ್ಕದಿಂದ ಆಯಿಲನ್ನು ಎಳೆದುಕೊಳ್ಳುತ್ತದೆ. ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ಒಟ್ಟಾದದ್ದೆಲ್ಲ ಉರಿಯುತ್ತದೆ.

ರಿಂಗ್ ಸವೆದ ಗಾಡಿಯೂ ಇಳಿಜಾರಲ್ಲಿ ಆಯಿಲ್ ಎಳೆಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಏರುವಾಗಲೂ ಬಿಡುವುದಿಲ್ಲ. ಲೋಡ್ ಬಿದ್ದಾಗಲೆಲ್ಲ ಹೊಗೆ ಹಿಂದೆ ಎಳೆದುಕೊಂಡೇ ಬರುತ್ತದೆ, ಎಳೆತವೂ ಕಮ್ಮಿಯಾಗಿರುತ್ತದೆ. ಆದ್ದರಿಂದ ಮೊದಲು ಇದನ್ನು ಹೇಳಿ: ವಾಪಸ್ ಘಟ್ಟ ಹತ್ತುವಾಗ ಹೊಗೆ ಇದೆಯಾ?

ಇಂಜಿನ್ ಬಿಸಿಯಾಗಿ ಐಡ್ಲಿಂಗಲ್ಲಿ ಇದ್ದಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಸ್ವಲ್ಪ ಹಬೆ ಆಡಿದರೆ ಪರವಾಗಿಲ್ಲ. ಪಫ್ ಪಫ್ ಅಂತ ಒತ್ತಡದಲ್ಲಿ ಹೊಗೆ ಉಗುಳಿದರೆ ರಿಂಗ್ ಮೇಲೆ ಅನುಮಾನ ಪಡಬಹುದು. ಹಾಗೆಯೇ ಪಿಸಿವಿ ವಾಲ್ವ್ (ಇಂಜಿನ್ ಒಳಗೆ ಕೂಡುವ ಆವಿಯನ್ನು ಇನ್‌ಟೇಕಿಗೆ ಬಿಡುವ ಸಣ್ಣ ಕವಾಟ) ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿ. ಟಕ ಟಕ ಸದ್ದು ಬರಬೇಕು. ಬರದಿದ್ದರೆ ಅದು ಕಟ್ಟಿಕೊಂಡಿದೆ, ಬದಲಿಸಿ. ಚಿಲ್ಲರೆ ಖರ್ಚು. ಅದೊಂದು ಕಟ್ಟಿಕೊಂಡರೂ ಒಳಗೆ ಒತ್ತಡ ಜಾಸ್ತಿಯಾಗಿ ಆಯಿಲ್ ಸುಡುತ್ತದೆ.

ಆಮೇಲೆ ಕಂಪ್ರೆಷನ್ ಟೆಸ್ಟ್, ಅಂದರೆ ಪ್ಲಗ್ ತೂತಿಗೆ ಗೇಜ್ ಹಾಕಿ ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು. ಇದು ಆಗದೆ ಯಾರೇ ಬೋರ್ ಅಂದರೂ ಕೇಳಬೇಡಿ. ಇಂಜಿನ್ ಬಿಸಿ ಇರಬೇಕು, ಬ್ಯಾಟರಿ ಫುಲ್ ಇರಬೇಕು. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಕಾಯಿಲ್ ಕನೆಕ್ಷನ್ ಬಿಡಿಸಿ, ಮೂರೂ ಪ್ಲಗ್ ಬಿಚ್ಚಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಮೂರೂ ಸಿಲಿಂಡರ್ ರೀಡಿಂಗ್ ಬರೆದುಕೊಳ್ಳಿ. ಒಂದಕ್ಕೊಂದು ಒಂದು ಕೆಜಿಗಿಂತ (ಚದರ ಸೆಂ.ಮೀ.ಗೆ) ಜಾಸ್ತಿ ವ್ಯತ್ಯಾಸ ಇರಬಾರದು. ಆಮೇಲೆ ಒಂದೊಂದು ಸಿಲಿಂಡರಿಗೂ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ರೀಡಿಂಗ್ ಚೆನ್ನಾಗಿ ಏರಿದರೆ ರಿಂಗ್ ಸವೆದಿದೆ ಅಂತ ಅರ್ಥ, ಆಯಿಲ್ ಸಂದು ಮುಚ್ಚಿದ್ದಕ್ಕೇ ಏರಿದ್ದು. ಅಷ್ಟೇನೂ ಏರದಿದ್ದರೆ ರಿಂಗಿನ ತಂಟೆಗೆ ಹೋಗಬೇಡಿ.

ಎಮಿಷನ್ ಟೆಸ್ಟ್ ಬಗ್ಗೆ: ನಿಮ್ಮ ಗಾಡಿಗೆ ನೋಡುವುದು ಐಡ್ಲಿಂಗಲ್ಲಿ ಎರಡೇ ಸಂಗತಿ. ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್. ಭಾರತ್ ಸ್ಟೇಜ್ 2 (ಸರ್ಕಾರದ ಹೊಗೆ ನಿಯಮದ ಎರಡನೇ ಹಂತ) ಪೆಟ್ರೋಲ್ ಕಾರಿಗೆ ಮಿತಿ 0.5 ಶೇಕಡ ಮತ್ತು 750 ಪಿಪಿಎಂ. ಬಿಸಿ ಇಂಜಿನ್ ಸುಮ್ನೆ ನಿಂತು ಓಡುವಾಗ ನಿಮ್ಮ ಗಾಡಿ ಹೊಗೆ ಬಿಡುವುದೇ ಇಲ್ಲವಲ್ಲ. ಪಾಸಾಗದೆ ಏನು? ಹಾಗಂತ ಬಿಡಬೇಡಿ. ಆಯಿಲ್ ಉರಿದು ಉರಿದು ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಮ್ಮಿ ಮಾಡುವ ಭಾಗ) ಹಾಳಾಗುತ್ತದೆ. ಆಮೇಲೆ ಅದರ ಖರ್ಚು ಬೇರೆ.

ಚಿಕ್ಕಮಗಳೂರು_ಜೆನ್:

ಹಾಸನದವರು ಹೇಳಿದ್ದು ಸರಿ ಇದೆ. ಬಿಳಿ ಹೊಗೆ ನೋಡಿ ಹೆದರುವವರಿಗೂ ಒಂದು ಮಾತು. ನಮ್ಮ ಕಡೆ ಡಿಸೆಂಬರ್ ಬೆಳಿಗ್ಗೆ ಎಲ್ಲಾ ಗಾಡಿಯೂ ಬಿಳಿ ಹಬೆ ಬಿಡುತ್ತದೆ. ಬಿಸಿಯಾದ ಮೇಲೆ ನಿಂತರೆ ಏನೂ ಇಲ್ಲ. ಮಳೆಗಾಲದಲ್ಲಿ ಹತ್ತಿರ ಹತ್ತಿರ ಓಡಿಸಿದರೆ ಆಯಿಲ್ ಮುಚ್ಚಳದ ಅಡಿಯಲ್ಲಿ ಕಾಫಿ ಬಣ್ಣದ ಲೋಳೆಯೂ ಕೂರುತ್ತದೆ. ಅಷ್ಟಕ್ಕೇ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗೆ ನೀರು, ಆಯಿಲ್ ಬೆರೆಯದಂತೆ ಇರುವ ಪದರ) ಹೋಗಿದೆ ಅಂತ ತೀರ್ಮಾನ ಮಾಡಬೇಡಿ. ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣ ಇದ್ದು, ಕೂಲೆಂಟ್ ಕಮ್ಮಿಯಾಗುತ್ತಾ, ಹೊಗೆಗೆ ಸಿಹಿ ವಾಸನೆ ಇದ್ದರೆ ಮಾತ್ರ ಗಾಡಿ ನಿಲ್ಲಿಸಿ. ನನ್ನ ಮಾರುತಿ ಜೆನ್‌ಗೆ ಹಾಗಾದಾಗ ನಾಲ್ಕರಲ್ಲಿ ಒಂದು ಪ್ಲಗ್ ತೊಳೆದಿಟ್ಟಂತೆ ಬೆಳ್ಳಗಿತ್ತು. ನೀರು ಹೋಗುತ್ತಿದ್ದದ್ದು ಅದೇ ಸಿಲಿಂಡರಿಗೆ.

ಶಿರಸಿ_800:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಘಟ್ಟ ಹತ್ತುವಾಗ ತಮ್ಮನನ್ನು ಬೈಕಿನಲ್ಲಿ ಹಿಂದೆ ಬರಲು ಹೇಳಿದ್ದೆ. ಒಂಚೂರೂ ಹೊಗೆ ಇಲ್ಲ ಅಂದ. ಎಳೆತವೂ ಚೆನ್ನಾಗಿದೆ. ಮುಚ್ಚಳ ತೆಗೆದರೆ ಬರೀ ತೆಳು ಹಬೆ. ಪಿಸಿವಿ ಸದ್ದು ಮಾಡುತ್ತದೆ.

ಕಂಪ್ರೆಷನ್ ಹುಬ್ಬಳ್ಳಿಯಲ್ಲಿ ಮಾಡಿಸಿದೆ. 11.8, 11.5, 11.9 ಕೆಜಿ ಬಂತು. ಆಯಿಲ್ ಬಿಟ್ಟ ಮೇಲೆ ಮೂರೂ ಸ್ವಲ್ಪ ಸ್ವಲ್ಪ ಏರಿದವು, ಜಾಸ್ತಿ ಅಲ್ಲ. ಎರಡನೇ ಪ್ಲಗ್ ಮಾತ್ರ ಜಿಡ್ಡಾಗಿ ಕಪ್ಪಾಗಿತ್ತು. ಈಗೇನು ಮಾಡಲಿ? ಅಂಗಡಿಯವರು ಹೊಗೆ ನಿಲ್ಲಿಸುವ ಡಬ್ಬಿ ಒಂದಿದೆ, ಆಯಿಲಿಗೆ ಹಾಕಿ ಅಂತ ಹೇಳಿದರು. ಹಾಕಬಹುದಾ?

ಹಾಸನ_ಗ್ಯಾರೇಜ್:

ಓದಿ ಖುಷಿಯಾಯಿತು. ನಿಮ್ಮ ಇಂಜಿನ್ ಕೆಳಭಾಗ ಗಟ್ಟಿ ಇದೆ. ಆರು ವಾಲ್ವ್ ಸೀಲ್ ಬದಲಿಸಿ, ಅಷ್ಟು ಸಾಕು. ಡಬ್ಬಿ ಬೇಡ. ಒಣಗಿ ಚೂರಾದ ರಬ್ಬರನ್ನು ಅದು ಹೊಸದು ಮಾಡುವುದಿಲ್ಲ.

ಸೀಲ್ ಬದಲಿಸಲು ಹೆಡ್ ಇಳಿಸಲೇಬೇಕು ಅಂತಿಲ್ಲ. ಪಿಸ್ಟನ್ ಮೇಲಕ್ಕೆ ತಂದು, ಪ್ಲಗ್ ತೂತಿಗೆ ಅಡಾಪ್ಟರ್ ಹಾಕಿ ಕಂಪ್ರೆಸರ್ ಗಾಳಿ ಕೊಟ್ಟರೆ ವಾಲ್ವ್ ಕೆಳಗೆ ಬೀಳುವುದಿಲ್ಲ. ರಾಕರ್ ತೆಗೆದು, ಸ್ಪ್ರಿಂಗ್ ಒತ್ತಿ, ಸೀಲ್ ಎಳೆದು ಹೊಸದು ಕೂರಿಸಬಹುದು. ಒಂದು ಎಚ್ಚರ. ಸೀಲ್ ತೆಗೆದಾಗ ವಾಲ್ವ್ ಕಡ್ಡಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಲು ಹೇಳಿ, ಎರಡನೇ ಸಿಲಿಂಡರಿನದನ್ನು ಮುಖ್ಯವಾಗಿ. ಲೊಡಲೊಡ ಆಡಿದರೆ ಗೈಡ್ (ವಾಲ್ವ್ ಕಡ್ಡಿ ಓಡಾಡುವ ಕೊಳವೆ) ಸವೆದಿದೆ. ಆಗ ಹೊಸ ಸೀಲ್ ಹೆಚ್ಚು ದಿನ ಬಾಳುವುದಿಲ್ಲ. ಹೆಡ್ ಇಳಿಸಿ ಲೇತಿಗೆ ಕಳಿಸಿ ಗೈಡ್ ಹಾಕಿಸುವುದೇ ಸರಿ. ಹಾಗೆ ಇಳಿಸಿದರೂ ಅದು ಹೆಡ್ ಕೆಲಸ ಅಷ್ಟೇ, ಬೋರ್ ಅಲ್ಲ.

ಸೀಲ್ ಒರಿಜಿನಲ್ ತರಿಸಿ, ಪ್ಯಾಕೆಟ್ ನಿಮ್ಮ ಕೈಯಲ್ಲೇ ಒಡೆಯಿರಿ. ಹಳೇ ಸೀಲ್ ಆರೂ ವಾಪಸ್ ಕೇಳಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಗೊತ್ತಿಲ್ಲದಿದ್ದರೆ ಜೊತೆಗೇ ಅದನ್ನೂ ಹಾಕಿಸಿ. ಕೆಲಸ ಆದಮೇಲೂ ಎರಡು ಮೂರು ದಿನ ಹೊಗೆ ಕಾಣಬಹುದು, ಸೈಲೆನ್ಸರೊಳಗೆ ಕೂತ ಹಳೇ ಆಯಿಲ್ ಅದು. ಆಮೇಲೆ ಗಾಡಿ ಸಪಾಟು ಜಾಗದಲ್ಲಿ ನಿಲ್ಲಿಸಿ, ತಣ್ಣಗಿದ್ದಾಗ ಡಿಪ್‌ಸ್ಟಿಕ್ ಅಳತೆ ಬರೆದಿಡಿ. ಸಾವಿರ ಕಿ.ಮೀ. ಓಡಿದ ಮೇಲೆ ಎಷ್ಟು ಇಳಿದಿದೆ ಅಂತ ಇಲ್ಲಿ ಬಂದು ಹೇಳಿ.