ಬಿಸಿಲಿಗೆ ಬಾಡುವ ಬಳ್ಳಿ: ಈ ವಾರದ ಪ್ರಶ್ನೋತ್ತರ

ನರ್ಸರಿ ಮೇಷ್ಟ್ರು: ಎಲ್ಲರಿಗೂ ನಮಸ್ಕಾರ. ಇವತ್ತು ತರಕಾರಿ ಬಳ್ಳಿ ಮಾತ್ರ. ಹಾಗಲ, ಹೀರೆ, ಸೋರೆ, ಸೌತೆ. ಕೇಳುವ ಮುಂಚೆ ಬಳ್ಳಿಯನ್ನು ಬೆಳಿಗ್ಗೆ 6 ಗಂಟೆಗೆ ನೋಡಿ ಬನ್ನಿ. ಮಧ್ಯಾಹ್ನ ಜೋತುಬಿದ್ದ ಎಲೆ ಬೆಳಿಗ್ಗೆ ನೆಟ್ಟಗಿದ್ದರೆ ಅದು ಬಿಸಿಲಿನ ಆಟ. ಅಗಲ ಎಲೆಯಿಂದ ನೀರು ಆವಿಯಾಗುವಷ್ಟು ಬೇಗ ಬೇರು ಎಳೆಯೋಕಾಗಲ್ಲ, ಅಷ್ಟೇ. ಬೆಳಿಗ್ಗೆಯೂ ಜೋತಿದ್ದರೆ ಬರೆಯಿರಿ.

ಹೂಬಳ್ಳಿ ಮೈಸೂರು: ದಿನಕ್ಕೆ ಎಷ್ಟು ಸಲ ನೀರು ಹಾಕಬೇಕು ಸರ್?

ನರ್ಸರಿ ಮೇಷ್ಟ್ರು: ಸಲದ ಲೆಕ್ಕ ಬೇಡ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣೊಳಗೆ ಇಳಿಸಿ. ಒಣಗಿದ್ದರೆ ಬೆಳಿಗ್ಗೆ ಬೇಗ, ಕುಂಡದ ಅಥವಾ ಗಿಡ ಬೆಳೆಸುವ ಚೀಲದ ತಳದ ತೂತಿನಿಂದ ನೀರು ಬರುವವರೆಗೆ ಹಾಕಿ. ಒದ್ದೆಯಿದ್ದರೆ ಬಿಡಿ. ಬುಡಕ್ಕೆ 2–3 ಇಂಚು ತರಗೆಲೆ ಹೊದಿಸಿ.

ಕಲಬುರಗಿ ಮಾಳಿಗೆ: ನಮಸ್ಕಾರ್ರೀ ಸರ್. ನಮ್ಮಲ್ಲಿ 42 ಡಿಗ್ರಿ ಅದ. ಹಾಗಲ ಬಳ್ಳಿ ಮೊದಲು ಮಧ್ಯಾಹ್ನ ಬಾಡಿ ರಾತ್ರಿ ಏಳುತ್ತಿತ್ತು. ಈಗ ಬೆಳಿಗ್ಗೆಯೂ ಏಳುವುದಿಲ್ಲ. ಮೂರು ಹೊತ್ತು ನೀರು ಹಾಕುತ್ತೇನೆ, ಶೇಡ್ ನೆಟ್ ಕಟ್ಟಿದ್ದೇನೆ. ಪಕ್ಕದ ಚೀಲದ ಹೀರೆ ಮಾತ್ರ ಆರಾಮ ಅದರೀ.

ನರ್ಸರಿ ಮೇಷ್ಟ್ರು: ಅಕ್ಕಾವ್ರೇ, ಇದು ಸರಿ ಕಾಣ್ತಿಲ್ಲ. ಬಿಸಿಲು ಒಂದೇ, ನೆಟ್ ಒಂದೇ, ನೀರೂ ಒಂದೇ. ಒಂದು ಬಳ್ಳಿ ಮಾತ್ರ ಬಾಡಿದರೆ ಬುಡ ನೋಡಬೇಕು. ಮೊದಲು ಆ ಮೂರು ಹೊತ್ತಿನ ನೀರು ನಿಲ್ಲಿಸಿ. ಬೇರಿಗೆ ಗಾಳಿಯೂ ಬೇಕಲ್ವಾ? ಆಮೇಲೆ ಬುಡದ ಹತ್ತಿರ ಕಾಂಡವನ್ನು ಅಡ್ಡಕ್ಕೆ ಕೊಯ್ದು ನೋಡಿ. ಒಳಗಿನ ನಾಳ ಕಂದು ತಿರುಗಿದ್ದರೆ ಶಿಲೀಂಧ್ರದ ಸೊರಗು ರೋಗ ಇರಬಹುದು. ಕೊಯ್ದ ತುಂಡನ್ನು ತಿಳಿನೀರಿನ ಲೋಟದಲ್ಲಿ ತೂಗುಹಾಕಿ. ಹಾಲಿನಂಥ ಎಳೆ ಇಳಿದರೆ ಬ್ಯಾಕ್ಟೀರಿಯಾ. ಎರಡೂ ಇಲ್ಲದಿದ್ದರೆ ಬೇರು ಕಿತ್ತು ತೊಳೆದು ಫೋಟೋ ಹಾಕಿ. ಆ ಚೀಲದಲ್ಲಿ ಮುಂಚೆ ಏನಿತ್ತು?

ಹಸಿರುಮನೆ ದಾವಣಗೆರೆ: ಬಂದ ಮೆಸೇಜ್ ಹಂಚುತ್ತಿದ್ದೇನೆ. ಬಾಡಿದ ಬಳ್ಳಿಗೆ ಎರಡು ಚಮಚ ಎಪ್ಸಮ್ ಸಾಲ್ಟ್, ಬುಡಕ್ಕೆ ಐಸ್ ತುಂಡು. ಒಂದೇ ರಾತ್ರಿಯಲ್ಲಿ ಜೀವ ಬರುತ್ತದೆ!!

ನರ್ಸರಿ ಮೇಷ್ಟ್ರು: ದಯವಿಟ್ಟು ಬೇಡ. ಅದೂ ಉಪ್ಪೇ. ಒಣ ಮಣ್ಣಲ್ಲಿ ಉಪ್ಪು ಜಾಸ್ತಿಯಾದರೆ ಬೇರಿಗೆ ನೀರು ಎಳೆಯೋದು ಇನ್ನೂ ಕಷ್ಟ. ಬಾಡಿದ ಗಿಡಕ್ಕೆ ಯೂರಿಯಾನೂ ಹಾಕಬೇಡಿ.

ತೋಟದ ಮನೆ ತುಮಕೂರು: ಮಧ್ಯಾಹ್ನ ನೀರು ಹಾಕಿದರೆ ಎಲೆ ಸುಡುತ್ತದೆ, ನಮ್ಮಜ್ಜಿ ಹೇಳ್ತಿದ್ರು.

ಬಸಳೆ ಚಪ್ಪರ: ಹನಿ ಭೂತಗನ್ನಡಿ ಆಗಿ ಎಲೆ ಸುಡೋದು ಸುಮ್ನೆ ಕಥೆ. ನಾನು ಮಧ್ಯಾಹ್ನವೇ ಹಾಕ್ತೀನಿ.

ತೋಟದ ಮನೆ ತುಮಕೂರು: ಹಾಗಾದ್ರೆ ನಮ್ಮಜ್ಜಿ ಸುಳ್ಳು ಹೇಳಿದ್ರಾ?

ನರ್ಸರಿ ಮೇಷ್ಟ್ರು: ಹನಿಯಿಂದ ಸುಡಲ್ಲ. ಆದರೆ ತಾರಸಿಯ ಕಪ್ಪು ಟ್ಯಾಂಕ್, ಬಿಸಿಲಲ್ಲಿ ಬಿದ್ದ ಪೈಪು, ಇವುಗಳ ಮೊದಲ ನೀರಿಗೆ ಕೈ ಒಡ್ಡಿ ನೋಡಿ. ಸ್ನಾನದ ನೀರಿನಷ್ಟು ಬಿಸಿ. ಅದನ್ನು ಬುಡಕ್ಕೆ ಸುರಿಯಬೇಡಿ. ಅಜ್ಜಿ ವಿಷಯ ಇಲ್ಲಿಗೆ ಬಿಡಿ.

ಶಂಖಪುಷ್ಪ ಪ್ರಿಯೆ: ಸರ್, ನನ್ನ ಶಂಖಪುಷ್ಪ ಹೂವೇ ಬಿಡ್ತಿಲ್ಲ.

ಹೊಸ ಸದಸ್ಯ ಹಾಸನ: ದಿನಕ್ಕೆ ಎಷ್ಟು ಸಲ ನೀರು ಹಾಕಬೇಕು?

ನರ್ಸರಿ ಮೇಷ್ಟ್ರು: ಮೇಲಿದೆ. ಓದಿ.

ಕಲಬುರಗಿ ಮಾಳಿಗೆ: ಸರ್, ಕಂದು ಇಲ್ಲ, ಹಾಲೂ ಇಳಿಯಲಿಲ್ಲ. ಬೇರಿನ ತುಂಬಾ ಗಂಟು, ಪೋಣಿಸಿದ ಮಣಿ ಇದ್ದಂಗ. ಫೋಟೋ ಹಾಕಿದ್ದೇನೆ. ಹೋದ ವರ್ಷ ಅದೇ ಮಣ್ಣಲ್ಲಿ ಟೊಮೆಟೊ ಇತ್ತು.

ಬಸಳೆ ಚಪ್ಪರ: ಗಂಟು ಇದ್ದರೆ ಒಳ್ಳೇದು! ಸಾರಜನಕ ಹಿಡಿಯುತ್ತವೆ. ಕೀಳಬೇಡಿ ಅಕ್ಕಾ.

ನರ್ಸರಿ ಮೇಷ್ಟ್ರು: ಸ್ವಲ್ಪ ಸುಮ್ಮನಿರಿ. ಅದು ಅವರೆ, ಅಲಸಂದೆ ಜಾತಿಗೆ. ಆ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಗುರಿನಿಂದ ಉದುರುತ್ತದೆ, ಒಳಗೆ ತಿಳಿಗೆಂಪು. ಇಲ್ಲಿ ಬೇರೇ ಊದಿಕೊಂಡಿದೆ. ಇದು ಬೇರುಗಂಟು ಜಂತುಹುಳು, ನೆಮಟೋಡ್. ಟೊಮೆಟೊ ಬೇರಲ್ಲಿ ಸೇರಿಕೊಂಡಿದ್ದು ಮಣ್ಣಲ್ಲಿ ಉಳಿದಿದೆ. ಗಂಟಾದ ಬೇರು ಚಳಿಗಾಲದಲ್ಲಿ ಹೇಗೋ ನೀರು ಒದಗಿಸುತ್ತದೆ. 42 ಡಿಗ್ರಿಗೆ ಸಾಲೋದಿಲ್ಲ. ಅದಕ್ಕೇ ನಿಮಗೆ ಬಿಸಿಲಿನ ಬಾಡು ಅನ್ನಿಸಿದ್ದು.

ಈ ಬಳ್ಳಿ ಉಳಿಯಲ್ಲ ಅಕ್ಕಾವ್ರೇ. ಬೇರು ಗೊಬ್ಬರದ ಗುಂಡಿಗೆ ಬೇಡ, ಸುಟ್ಟುಬಿಡಿ. ಮಣ್ಣನ್ನು ನೆನೆಸಿ ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚು ಮುಚ್ಚಿ, 4ರಿಂದ 6 ವಾರ ಬಿಸಿಲಿಗೆ ಬಿಡಿ. ನಿಮ್ಮೂರ ಬಿಸಿಲು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆಮೇಲೆ ಬೇವಿನ ಹಿಂಡಿ ಬೆರೆಸಿ ಚೆಂಡು ಹೂ ಹಾಕಿ. ಟೊಮೆಟೊ, ಬದನೆ, ಬೆಂಡೆ, ಸೌತೆ ಸದ್ಯಕ್ಕೆ ಬೇಡ.

ಬಸಳೆ ಚಪ್ಪರ: ಸುಮ್ಮನಿರಿ ಅನ್ನೋದು ಯಾವ ಮರ್ಯಾದೆ ಮೇಷ್ಟ್ರೇ?

ತೋಟದ ಮನೆ ತುಮಕೂರು: ಈಗ ಗೊತ್ತಾಯ್ತಾ? ನಮ್ಮಜ್ಜಿಗೂ ಹೀಗೇ ಬೇಜಾರಾಗಿದ್ದು.

ಹಸಿರುಮನೆ ದಾವಣಗೆರೆ: ಬೇರಿಗೆ ಅರಿಶಿನ, ಮಜ್ಜಿಗೆ, ಡೆಟಾಲ್ ಒಂದೊಂದು ಮುಚ್ಚಳ. ಈಗ ತಾನೇ ಬಂತು!

ನರ್ಸರಿ ಮೇಷ್ಟ್ರು: ನಿಮ್ಮ ಫೋನ್ ಯಾರಿಗಾದ್ರೂ ಕೊಟ್ಟುಬಿಡಿ.

ಶಂಖಪುಷ್ಪ ಪ್ರಿಯೆ: ಸರ್, ನನ್ನ ಪ್ರಶ್ನೆ?

ಕಲಬುರಗಿ ಮಾಳಿಗೆ: ಕಿತ್ತೆ ಸರ್. ಪಕ್ಕದ ಹೀರೆಯನ್ನೂ ಕೀಳಲಾ?

ನರ್ಸರಿ ಮೇಷ್ಟ್ರು: ಬೆಳಿಗ್ಗೆ ನೆಟ್ಟಗಿದ್ದರೆ ಬಿಡಿ. ಖುರ್ಪಿ ತೊಳೆದ್ರಾ?

ಕಲಬುರಗಿ ಮಾಳಿಗೆ: ಅಯ್ಯೋ. ಅದರಲ್ಲೇ ಹೀರೆ ಬುಡ ಕೆದರಿ ಬಂದೆನಲ್ಲರೀ.